ಎರಡು ಸೆಕೆಂಡು ಕದ್ದ ಕಳ್ಳ

ಬಾಕ್ಸಿಂಗ್ ಲೋಕದ ಅತಿ ದೊಡ್ಡ ಕಳ್ಳತನ ನಡೆದದ್ದು 1990ರ ಮಾರ್ಚ್ 17ರಂದು, ಲಾಸ್ ವೇಗಸ್‌ನ ಹಿಲ್ಟನ್ ಹೋಟೆಲಿನಲ್ಲಿ. ಕಳ್ಳನ ಹೆಸರು ರಿಚರ್ಡ್ ಸ್ಟೀಲ್, ಕಸುಬು ರೆಫರಿ, ಕದ್ದ ಮಾಲು ಎರಡು ಸೆಕೆಂಡು. ಸಾವಿರಾರು ಜನರ ಮುಂದೆ, ಟಿವಿ ಕ್ಯಾಮೆರಾಗಳ ಬೆಳಕಿನಲ್ಲೇ ಕದ್ದ. ಕೇಳಿದರೆ ಹೌದು ಕದ್ದೆ ಅಂದ. ಪಶ್ಚಾತ್ತಾಪ ಮಾತ್ರ ಎಳ್ಳಷ್ಟೂ ಇಲ್ಲ.

ಅಂದು ರಿಂಗಿನಲ್ಲಿದ್ದವರು ಮೆಲ್ಡ್ರಿಕ್ ಟೇಲರ್ ಮತ್ತು ಜೂಲಿಯೊ ಸೀಸರ್ ಚಾವೆಜ್. ಇಬ್ಬರೂ ಚಾಂಪಿಯನ್ನರು, ಇಬ್ಬರೂ ಅಲ್ಲಿಯವರೆಗೆ ಸೋಲು ಕಾಣದವರು. ಟೇಲರ್ 1984ರ ಒಲಿಂಪಿಕ್ಸ್ ಚಿನ್ನದ ಹುಡುಗ. ಅವನ ಕೈ ಎಷ್ಟು ಚುರುಕೆಂದರೆ ಚಾವೆಜ್ ಒಂದು ಹೊಡೆಯುವಷ್ಟರಲ್ಲಿ ಇವನದು ನಾಲ್ಕು. ಆದರೆ ಚಾವೆಜ್‌ನ ಆ ಒಂದು ಇದೆಯಲ್ಲ, ಅದು ಮೂಳೆಯ ತನಕ ಇಳಿಯುವಂಥದ್ದು. ಹನ್ನೊಂದು ರೌಂಡು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಟೇಲರ್ ಎಷ್ಟು ಮುಂದಿದ್ದನೆಂದರೆ, ಕೊನೆಯ ರೌಂಡನ್ನು ರಿಂಗಿನ ಸುತ್ತ ವಾಯುವಿಹಾರ ಮಾಡಿಕೊಂಡು ಕಳೆದಿದ್ದರೂ ಬೆಲ್ಟು ಅವನದೇ. ಆದರೆ ಅವನ ಕಾರ್ನರಿನ ಹಿರಿಯರು ಈ ರೌಂಡ್ ಬೇಕೇ ಬೇಕು, ನುಗ್ಗು ಎಂದು ಕಿವಿಗೆ ಊದಿ ಕಳಿಸಿದರು. ಹುಡುಗ ವಿಧೇಯ. ನುಗ್ಗಿದ. ಪಂದ್ಯ ಮುಗಿಯಲು ಇನ್ನೇನು ಕೆಲವು ಸೆಕೆಂಡು ಎನ್ನುವಾಗ ಚಾವೆಜ್‌ನ ಬಲಗೈ ಬಂತು.

ಟೇಲರ್ ಹಗ್ಗ ಹಿಡಿದುಕೊಂಡು ಎದ್ದ. ಸ್ಟೀಲ್ ಎಂಟರವರೆಗೆ ಎಣಿಸಿ, ಸರಿಯಾಗಿದ್ದೀಯಾ ಎಂದು ಎರಡು ಸಲ ಕೇಳಿದ. ಉತ್ತರವಿಲ್ಲ. ಟೇಲರ್‌ನ ಕಣ್ಣು ಪಕ್ಕಕ್ಕೆ ಹೊರಳಿತ್ತು. ಅಲ್ಲಿ ಅವನ ತರಬೇತುದಾರ ಲೂ ಡುವಾ ಏನೋ ಕೂಗುತ್ತಾ ರಿಂಗಿನ ಅಂಚಿಗೆ ಹತ್ತುತ್ತಿದ್ದ. ಸ್ಟೀಲ್ ಎರಡೂ ಕೈ ಬೀಸಿದ. ಗಡಿಯಾರದಲ್ಲಿ ಎರಡು ನಿಮಿಷ ಐವತ್ತೆಂಟು ಸೆಕೆಂಡು.

ಎರಡೇ ಎರಡು ಸೆಕೆಂಡು ಕಾಯಬಾರದಿತ್ತೇ ಈ ಮನುಷ್ಯ! ಆಮೇಲೆ ವರ್ಷಗಟ್ಟಲೆ ಲಾಸ್ ವೇಗಸ್‌ನಲ್ಲಿ ಸ್ಟೀಲ್ ಹೆಸರು ಕೂಗಿದರೆ ಸಾಕು, ಗ್ಯಾಲರಿ ಛೀಮಾರಿ ಹಾಕುತ್ತಿತ್ತು. ಗಡಿಯಾರ ನೋಡುವುದು ನನ್ನ ಕೆಲಸವಲ್ಲ, ಹುಡುಗನನ್ನು ನೋಡುವುದು ನನ್ನ ಕೆಲಸ ಎಂಬರ್ಥದ ಸಮಜಾಯಿಷಿ ಕೊಟ್ಟು ಆತ ಉರಿಯುವ ಬೆಂಕಿಗೆ ತುಪ್ಪ ಸುರಿದ. ಅತ್ತ ಆಸ್ಪತ್ರೆಯಲ್ಲಿ ಟೇಲರ್‌ನ ಮುಖದ ಮೂಳೆ ಮುರಿದಿರುವುದು, ಮುಖ ಗುರುತು ಸಿಗದಷ್ಟು ಊದಿರುವುದು, ಮೂತ್ರದಲ್ಲಿ ರಕ್ತ ಹೋಗುತ್ತಿರುವುದು ಗೊತ್ತಾಯಿತು. ಅದರಿಂದೇನು? ತೀರ್ಪುಗಾರರ ಕಾಗದದಲ್ಲಿ ಆತ ಗೆಲ್ಲುತ್ತಿದ್ದ. ಸೋತಿದ್ದು ಮೂತ್ರದ ರಿಪೋರ್ಟಿನಲ್ಲಿ ಮಾತ್ರ. ಆ ರಿಪೋರ್ಟಿಗೆ ಯಾವ ಬೆಲ್ಟೂ ಕೊಡುವುದಿಲ್ಲ.

ಹಾಗಾದರೆ ಪಂದ್ಯವನ್ನು ಯಾವಾಗ ನಿಲ್ಲಿಸಬೇಕು? ಅಭಿಮಾನಿಯನ್ನು ಕೇಳಿ ನೋಡಿ. ತಡವರಿಸುವುದೇ ಇಲ್ಲ: ಸರಿಯಾದ ಟೈಮಿಗೆ. ಸರಿಯಾದ ಟೈಮು ಅಂದರೆ, ಕೊಟ್ಟ ಕಾಸಿಗೆ ತಕ್ಕ ನೋಟ ಸಿಕ್ಕ ಮೇಲೆ, ಮರುದಿನ ಪೇಪರಿನಲ್ಲಿ ಸಾವಿನ ಸುದ್ದಿ ಬರುವ ಮೊದಲು. ಈ ಎರಡರ ನಡುವೆ ಕೂದಲೆಳೆಯಷ್ಟು ಸಂದಿಯಿದೆಯಂತೆ. ರೆಫರಿ ಅದರಲ್ಲಿ ಕೈ ತೂರಿಸಬೇಕು. ಒಂದು ಪೆಟ್ಟು ಮೊದಲು ತೂರಿಸಿದರೆ ರಸಭಂಗ ಮಾಡಿದ ಹೇಡಿ, ಒಂದು ಪೆಟ್ಟು ತಡವಾದರೆ ಕೊಲೆಗಡುಕ. ಎರಡೂ ಬಿರುದು ಕೊಡುವವರು ಅದೇ ಸೋಫಾದ ಮೇಲಿನ ಅದೇ ಜನ, ಕೈಯಲ್ಲಿ ಅದೇ ಚಿಪ್ಸ್ ಪ್ಯಾಕೆಟ್ಟು.

ಎರಡನೆಯ ಬಿರುದು ಪಡೆದವರೂ ಇದ್ದಾರೆ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಹನ್ನೆರಡನೆಯ ರೌಂಡಿನಲ್ಲಿ, ಬೆನ್ನಿ ಪ್ಯಾರೆಟ್ ಮೂಲೆಯಲ್ಲಿ ಹಗ್ಗಕ್ಕೆ ಸಿಕ್ಕಿ ನಿಂತಿದ್ದ. ಬೀಳುವುದಕ್ಕೂ ಆ ಹಗ್ಗ ಬಿಡಲಿಲ್ಲ. ಎಮಿಲ್ ಗ್ರಿಫಿತ್ ಅವನ ತಲೆಗೆ ಎದುರುತ್ತರವಿಲ್ಲದೆ ಹೊಡೆಯುತ್ತಲೇ ಹೋದ. ರೆಫರಿ ರೂಬಿ ಗೋಲ್ಡ್‌ಸ್ಟೀನ್ ಅನನುಭವಿಯಲ್ಲ, ಸ್ವತಃ ಬಾಕ್ಸರ್ ಆಗಿದ್ದವನು, ರೆಫರಿಗಳಲ್ಲೇ ಹೆಸರುವಾಸಿ. ಪೆಟ್ಟು ತಿಂದೂ ತಿರುಗಿ ಬೀಳುವುದು ಪ್ಯಾರೆಟ್‌ನ ಅಭ್ಯಾಸ ಎಂಬ ಮಾತು ಬೇರೆ ಚಾಲ್ತಿಯಲ್ಲಿತ್ತು. ಗೋಲ್ಡ್‌ಸ್ಟೀನ್ ಮಧ್ಯೆ ನುಗ್ಗುವಷ್ಟರಲ್ಲಿ ಆಗಬಾರದ್ದು ಆಗಿತ್ತು. ಪ್ಯಾರೆಟ್ ಹತ್ತು ದಿನ ಕೋಮಾದಲ್ಲಿದ್ದು ತೀರಿಕೊಂಡ. ಇಷ್ಟೂ ಟಿವಿಯಲ್ಲಿ ನೇರ ಪ್ರಸಾರ. ತನಿಖೆ ನಡೆಯಿತು, ರೆಫರಿಯದು ತಪ್ಪಿಲ್ಲ ಎಂದಿತು. ಹಾಗೆ ನೋಡಿದರೆ ಯಾರದೂ ತಪ್ಪಿರಲಿಲ್ಲ.

ಸರಿಯಾಗಿದ್ದೀಯಾ ಎಂಬ ಆ ಪ್ರಶ್ನೆಯನ್ನು ಸ್ವಲ್ಪ ನೋಡಿ. ತಲೆಗೆ ಬಿದ್ದ ಪೆಟ್ಟಿಗೆ ಮಿದುಳು ಬುರುಡೆಯೊಳಗೆ ಅಲುಗಿ, ಅದರ ಮೇಲ್ಮೈಯ ಸಣ್ಣ ರಕ್ತನಾಳ ಹರಿಯುತ್ತದೆ. ರಕ್ತ ನಿಧಾನವಾಗಿ ಸಂಗ್ರಹವಾಗಿ ಮಿದುಳನ್ನು ಒತ್ತತೊಡಗುತ್ತದೆ. ಆ ನಡುವಿನ ಹೊತ್ತಿನಲ್ಲಿ ಮನುಷ್ಯ ನಿಂತಿರುತ್ತಾನೆ, ತನ್ನ ಹೆಸರು ಹೇಳುತ್ತಾನೆ, ಚೆನ್ನಾಗಿದ್ದೇನೆ ಅನ್ನುತ್ತಾನೆ, ಎದುರಾಳಿಯನ್ನು ಅಪ್ಪಿಕೊಂಡು ಫೋಟೊಗೂ ನಿಲ್ಲಬಹುದು. ಹೀಗೆ ಪೆಟ್ಟು ತಿಂದಿರುವುದು ಯಾವ ಅಂಗವೋ ಅದನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿ, ಏನಪ್ಪಾ ನಿನಗೆ ಪೆಟ್ಟಾಗಿದೆಯೇ ಎಂದು ಕೇಳುವ ಪದ್ಧತಿ ಇದು. ಇನ್ನು ಬಾಕ್ಸರ್ ಇಲ್ಲ, ನನ್ನಿಂದಾಗದು ಅಂದನೋ, ಮುಗಿಯಿತು ಅವನ ಕಥೆ. 1980ರಲ್ಲಿ ಷುಗರ್ ರೇ ಲೆನಾರ್ಡ್ ಎದುರು ಪಂದ್ಯ ಅರ್ಧಕ್ಕೆ ಬಿಟ್ಟು ಹೊರಟ ರಾಬರ್ಟೊ ಡುರಾನ್‌ನನ್ನು ಅವನ ದೇಶವೇ ಎಷ್ಟೋ ಕಾಲ ಕ್ಷಮಿಸಲಿಲ್ಲ. ಆದ್ದರಿಂದ ಉತ್ತರ ಯಾವಾಗಲೂ ಒಂದೇ: ಚೆನ್ನಾಗಿದ್ದೇನೆ.

ಭೀಮ ತೊಡೆ ಮುರಿಯುವ ತನಕ ಸುಮ್ಮನೆ ನೋಡುತ್ತಿದ್ದು, ಮುರಿದ ಮೇಲೆ ನೇಗಿಲೆತ್ತಿಕೊಂಡು ಎದ್ದ ಬಲರಾಮ ಬಾಕ್ಸಿಂಗ್ ಸಂಸ್ಥೆಗಳ ಮೂಲಪುರುಷನಿರಬೇಕು. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಹದಿನಾಲ್ಕನೆಯ ರೌಂಡಿನಲ್ಲಿ ರೇ ಮ್ಯಾನ್ಸಿನಿಯ ಹೊಡೆತಕ್ಕೆ ಬಿದ್ದ, ಎದ್ದ; ರೆಫರಿ ರಿಚರ್ಡ್ ಗ್ರೀನ್ ಪಂದ್ಯ ನಿಲ್ಲಿಸಿದ; ಕಿಮ್ ಕೋಮಾಕ್ಕೆ ಹೋದವನು ಕೆಲವು ದಿನಗಳಲ್ಲಿ ತೀರಿಕೊಂಡ. ಕೆಲವೇ ತಿಂಗಳಲ್ಲಿ ಕಿಮ್‌ನ ತಾಯಿ ಪ್ರಾಣ ಕಳೆದುಕೊಂಡರು, ಮುಂದಿನ ಜುಲೈನಲ್ಲಿ ಗ್ರೀನ್ ಕೂಡ. ನೇಗಿಲು ಮೇಲೆದ್ದಿತು. ವಿಶ್ವ ಬಾಕ್ಸಿಂಗ್ ಮಂಡಳಿ ಹದಿನೈದು ರೌಂಡುಗಳನ್ನು ಹನ್ನೆರಡಕ್ಕೆ ಇಳಿಸಿತು, ಉಳಿದ ಸಂಸ್ಥೆಗಳು ಒಂದೊಂದಾಗಿ ಹಿಂದೆ ಬಂದವು. ಹದಿನೈದು ರೌಂಡೆಂದರೆ ಬಿಡುವೂ ಸೇರಿ ಐವತ್ತೊಂಬತ್ತು ನಿಮಿಷ, ಹನ್ನೆರಡೆಂದರೆ ನಲವತ್ತೇಳು. ಉಳಿದ ಹದಿಮೂರು ನಿಮಿಷಕ್ಕೆ ಜಾಹೀರಾತು ಹಾಕಿದರೆ ಟಿವಿಯ ಒಂದು ಗಂಟೆ ಸರಿಹೋಗುತ್ತದೆ. ಕರುಣೆಗೂ ಒಂದು ಟೈಮ್ ಸ್ಲಾಟ್ ಬೇಕಲ್ಲ.

ಕಿಮ್ ಬಿದ್ದ ಹದಿಮೂರೇ ದಿನಕ್ಕೆ ಹ್ಯೂಸ್ಟನ್‌ನಲ್ಲಿ ಲ್ಯಾರಿ ಹೋಮ್ಸ್, ರ‍್ಯಾಂಡಲ್ ಟೆಕ್ಸ್ ಕಾಬ್‌ನನ್ನು ಪೂರ್ತಿ ಹದಿನೈದು ರೌಂಡು ಬಡಿದ. ಕಾಬ್ ಗೆದ್ದ ರೌಂಡು ಹುಡುಕಲು ಭೂತಗನ್ನಡಿ ಬೇಕು. ರೆಫರಿ ನಿಲ್ಲಿಸಲಿಲ್ಲ. ಕಾಮೆಂಟರಿ ಹೇಳುತ್ತಿದ್ದ ಹೊವಾರ್ಡ್ ಕೊಸೆಲ್ ಮೈಕಿನಲ್ಲೇ ರೆಫರಿಗೆ ಬೈಯುತ್ತಾ ಹೋಗಿ, ಕೊನೆಗೆ ವೃತ್ತಿಪರ ಬಾಕ್ಸಿಂಗಿಗೇ ಕೈಮುಗಿದುಬಿಟ್ಟ. ಕಾಬ್ ಏನಂದ ಗೊತ್ತೇ? ಕೊಸೆಲ್ ಫುಟ್‌ಬಾಲ್ ಕಾಮೆಂಟರಿಯನ್ನೂ ಬಿಡುವುದಾದರೆ ಹೋಮ್ಸ್ ಜೊತೆ ಇನ್ನೂ ಹದಿನೈದು ರೌಂಡಿಗೆ ತಾನು ಸಿದ್ಧ ಅಂದನಂತೆ. ಅಷ್ಟು ಪೆಟ್ಟು ತಿಂದ ತಲೆಯಿಂದ ಇಂಥ ಮಾತು ಹೊರಟಿತಲ್ಲ, ಆ ಇಡೀ ಕಟ್ಟಡದಲ್ಲಿ ಬುದ್ಧಿ ಸ್ಥಿಮಿತದಲ್ಲಿದ್ದವನು ಅವನೊಬ್ಬನೇ ಇರಬೇಕು.

ಇಲ್ಲಿ ರೆಫರಿಯನ್ನಷ್ಟೇ ಹಿಡಿದು ಜಗ್ಗುವುದರಲ್ಲಿ ಅರ್ಥವಿಲ್ಲ. ಏಕಪಕ್ಷೀಯ ಪಂದ್ಯ ರಿಂಗಿನಲ್ಲಿ ಹುಟ್ಟುವುದು ಕಡಿಮೆ. ಅದು ಹುಟ್ಟುವುದು ಕರಾರಿಗೆ ಸಹಿ ಬೀಳುವಾಗ. ಮೇಲೆ ಬರಬೇಕಾದ ಹುಡುಗನ ಲೆಕ್ಕಕ್ಕೆ ಗೆಲುವು ಸೇರಿಸಲು, ಸೋಲುವುದನ್ನೇ ಕಸುಬು ಮಾಡಿಕೊಂಡವರನ್ನು ಫೋನ್ ಮಾಡಿ ಕರೆಸುತ್ತಾರೆ. ಬ್ರಿಟನ್ನಿನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತು 2008ರಲ್ಲಿ ನಿವೃತ್ತನಾದ. ಕಡೆಯದನ್ನು ಗೆದ್ದ, ಪಾಪ, ಅಭ್ಯಾಸ ತಪ್ಪಿರಬೇಕು.

ದೊಡ್ಡವರ ಕಥೆಯೂ ಇದೇ. 1980ರ ಅಕ್ಟೋಬರ್ 2ರಂದು ಮೂವತ್ತೆಂಟರ ಮಹಮ್ಮದ್ ಅಲಿಯನ್ನು, ಎರಡು ವರ್ಷ ರಿಂಗ್ ಹತ್ತದಿದ್ದ ಅಲಿಯನ್ನು, ಇದೇ ಹೋಮ್ಸ್ ಎದುರು ನಿಲ್ಲಿಸಿದರು. ಹತ್ತು ರೌಂಡು ನಡೆಯಿತು. ಮೂವರೂ ತೀರ್ಪುಗಾರರು ಹತ್ತಕ್ಕೆ ಹತ್ತನ್ನೂ ಹೋಮ್ಸ್‌ಗೆ ಬರೆದರು. ಹೊಡೆಯುವವನೇ ಅಳುಮುಖ ಮಾಡಿಕೊಂಡು ರೆಫರಿಯತ್ತ ನೋಡುತ್ತಿದ್ದ. ಹತ್ತನೆಯ ರೌಂಡಿನ ನಂತರ ಅಲಿಯ ತರಬೇತುದಾರ ಆಂಜೆಲೊ ಡಂಡಿ ತನ್ನ ಕಡೆಯವರ ಜೊತೆಗೇ ಜಗಳವಾಡಿ ಪಂದ್ಯ ನಿಲ್ಲಿಸಿದ. ಅದನ್ನು ನಿಲ್ಲಿಸಬೇಕಾಗಿದ್ದ ಜಾಗ ಪರವಾನಗಿ ಕೊಡುವ ಕಚೇರಿಯ ಮೇಜು. ಅಲ್ಲಿ ಮಾತ್ರ ಎಲ್ಲ ಕಾಗದಪತ್ರ ಸರಿಯಾಗಿದ್ದವು. ಅಲಿಗೆ ಒಪ್ಪಿದ್ದು 80 ಲಕ್ಷ ಡಾಲರ್. ಪ್ರಮೋಟರ್ ಡಾನ್ ಕಿಂಗ್ ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಿಡಿದುಕೊಂಡ. ಅಲಿ ಕೋರ್ಟಿಗೆ ಹೋದ. ಕೊನೆಗೆ 50 ಸಾವಿರಕ್ಕೆ ರಾಜಿಯಾಯಿತು. ಆ ಇಡೀ ವ್ಯವಹಾರದಲ್ಲಿ ಸಕಾಲಕ್ಕೆ ನಿಂತದ್ದು ಒಂದೇ, ದುಡ್ಡು.

ರಿಂಗಿನ ಪಕ್ಕ ವೈದ್ಯರು ಇರುತ್ತಾರಲ್ಲ ಅನ್ನಬೇಡಿ. 1991ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಮೈಕೆಲ್ ವಾಟ್ಸನ್ ಕುಸಿದಾಗ ವೈದ್ಯರು ಇದ್ದರು. ಅಂಥ ಹೊತ್ತಿಗೆ ಬೇಕಾದ ಏರ್ಪಾಟು ಇರಲಿಲ್ಲ. ಆಂಬುಲೆನ್ಸ್ ಮೊದಲು ಒಯ್ದದ್ದು ಮಿದುಳಿನ ಶಸ್ತ್ರಚಿಕಿತ್ಸೆಯ ಸೌಲಭ್ಯವೇ ಇಲ್ಲದ ಆಸ್ಪತ್ರೆಗೆ. ವಾಟ್ಸನ್ ನಲವತ್ತು ದಿನ ಕೋಮಾದಲ್ಲಿದ್ದ, ಬದುಕಿದ, ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯ ಮೇಲೆ ದಾವೆ ಹೂಡಿ ಗೆದ್ದ. 2022ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಕಿಕ್ ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದ ಮೈಸೂರಿನ ಯುವಕನೊಬ್ಬ ತೀರಿಕೊಂಡಾಗ ಮನೆಯವರು ಕೇಳಿದ್ದೂ ಇದೇ: ಸ್ಥಳದಲ್ಲಿ ಚಿಕಿತ್ಸೆಯ ಏರ್ಪಾಟು ಎಲ್ಲಿತ್ತು?

ಅದೇ ಮೈಸೂರಿನ ಅರಮನೆಯಂಗಳದಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನೆಯಿರುವ ಆಯುಧ ತೊಟ್ಟು ಎದುರಾಗುತ್ತಾರೆ. ಯಾರದೋ ತಲೆಯಿಂದ ರಕ್ತ ಜಿನುಗಿತೋ, ಕಾಳಗ ಮುಗಿಯಿತು, ಜನ ಜಂಬೂಸವಾರಿಗೆ ಜಾಗ ಹಿಡಿಯಲು ಓಡುತ್ತಾರೆ. ಎಷ್ಟೋ ಸಲ ಒಂದು ನಿಮಿಷವೂ ಆಗಿರುವುದಿಲ್ಲ. ಅನಾಗರಿಕ ಆಚರಣೆ ಎಂದು ಮೂಗು ಮುರಿಯುವವರಿದ್ದಾರೆ, ಮುರಿಯಬೇಕಾದ್ದೇ. ಹನ್ನೆರಡು ರೌಂಡು, ಕಣ್ಣಿನ ಮೇಲಿನ ಸೀಳಿಗೆ ಔಷಧ ಮೆತ್ತಿ ಮತ್ತೆ ಕಳಿಸಲು ಒಬ್ಬ ಸ್ಪೆಷಲಿಸ್ಟು, ರೌಂಡಿನ ನಡುವೆ ಬಿಯರ್ ಜಾಹೀರಾತು, ಇವು ಯಾವುವೂ ಇಲ್ಲದೆ ನಾಗರಿಕತೆ ಹೇಗೆ ಬಂದೀತು?

ಇನ್ನುಳಿದದ್ದು ಟವೆಲ್. ತನ್ನ ಹುಡುಗನ ನಾಡಿ ಬಲ್ಲ ತರಬೇತುದಾರ ರಿಂಗಿಗೆ ಟವೆಲ್ ಎಸೆದು ಸಾಕು ಅನ್ನುವ ಹಳೆಯ ಉಪಾಯ. ಎಷ್ಟೋ ಕಡೆ ನಿಯಮದ ಪ್ರಕಾರ ಅದಕ್ಕೆ ಕಿಮ್ಮತ್ತಿಲ್ಲ, ರೆಫರಿ ಬೇಕಾದರೆ ಎತ್ತಿ ಹೊರಗೆಸೆಯಬಹುದು. 2020ರ ಫೆಬ್ರವರಿಯಲ್ಲಿ ಟೈಸನ್ ಫ್ಯೂರಿ ಎದುರು ಡಿಯೊಂಟೆ ವೈಲ್ಡರ್ ಏಳನೆಯ ರೌಂಡಿನ ಹೊತ್ತಿಗೆ ಕಿವಿಯಲ್ಲಿ ರಕ್ತ ಸುರಿಸಿಕೊಂಡು ಕಾಲೆಳೆಯುತ್ತಿದ್ದ. ಅವನ ಕಾರ್ನರಿನ ಮಾರ್ಕ್ ಬ್ರೆಲಂಡ್, ಸ್ವತಃ ಒಲಿಂಪಿಕ್ಸ್ ಚಿನ್ನ ಗೆದ್ದವನು, ಟವೆಲ್ ಎಸೆದ. ಪಂದ್ಯ ನಿಂತಿತು. ವೈಲ್ಡರ್ ತನ್ನ ಸೋಲಿಗೆ ಕಾರಣವನ್ನೂ ಕಂಡುಹಿಡಿದ: ರಿಂಗಿಗೆ ಬರುವಾಗ ತೊಟ್ಟಿದ್ದ ಝಗಮಗಿಸುವ ವೇಷ 40 ಪೌಂಡಿಗೂ ಹೆಚ್ಚು ತೂಕವಿತ್ತಂತೆ, ಅದರಿಂದ ಕಾಲು ಸೋತವಂತೆ. ಫ್ಯೂರಿಯ ಮುಷ್ಟಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ವೇಷ ಹೊಲಿದವರಿಗೆ ಏನಾಯಿತೋ, ಬ್ರೆಲಂಡ್ ಮಾತ್ರ ಕೆಲಸ ಕಳೆದುಕೊಂಡ.

2021ರ ಅಕ್ಟೋಬರಿನಲ್ಲಿ ಅವರಿಬ್ಬರೂ ಮತ್ತೆ ಎದುರಾದರು. ವೈಲ್ಡರ್ ಮೂರನೆಯ ರೌಂಡಿನಲ್ಲಿ ಬಿದ್ದ, ಹತ್ತನೆಯದರಲ್ಲಿ ಬಿದ್ದ, ಹನ್ನೊಂದನೆಯದರಲ್ಲಿ ಬಿದ್ದವನನ್ನು ನೋಡಿ ರೆಫರಿಯೇ ಮುಗಿಸಿದ. ಆತನನ್ನು ಆಸ್ಪತ್ರೆಗೆ ಕರೆದೊಯ್ದರು, ಅಭಿಮಾನಿಗಳು ಪಂದ್ಯವೆಂದರೆ ಇದಪ್ಪಾ ಎಂದು ಕೊಂಡಾಡಿದರು. ಹೊಸ ತರಬೇತುದಾರ ಕೊನೆಯವರೆಗೂ ಟವೆಲ್ ಎಸೆಯಲಿಲ್ಲ. ಅವನ ಕೆಲಸ ಉಳಿಯಿತು.