ಹೊಗೆ ಹಿಡಿದ ಪಂಚೆ

ಹೋದ ಶ್ರಾವಣದಲ್ಲಿ ಬೆಂಗಳೂರಿನಲ್ಲೊಂದು ಮದುವೆ. ಧಾರೆ ಮುಗಿಯುವ ಹೊತ್ತಿಗೆ ಪಕ್ಕದಲ್ಲಿದ್ದ ಹಿರಿಯರು ಮೂಗರಳಿಸಿ, "ಅಡುಗೆಮನೇಲಿ ಏನೋ ಸೀದಿದೆ" ಎಂದರು. ನಾಲ್ಕು ಜನ ಹೌದೆಂದರು. ಒಬ್ಬರು ಹೋಗಿ ಅಡುಗೆಭಟ್ಟರನ್ನು ದಬಾಯಿಸಿಯೂ ಬಂದರು. ನಾನೂ ಎದ್ದು ಹುಡುಕಿದೆ. ನಾನು ಹೋದಲ್ಲೆಲ್ಲ ವಾಸನೆಯೂ ಬಂತು. ಅದು ಪಾಯಸದ್ದಲ್ಲ, ನನ್ನ ಪಂಚೆಯದು ಎಂದು ಹೊಳೆದದ್ದು ಎರಡನೇ ಸುತ್ತಿನಲ್ಲಿ.

ಕಳಸದಲ್ಲಿ ಮನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಇಲ್ಲಿ ಬಟ್ಟೆ ಒಗೆಯುವುದಷ್ಟೇ ಮನುಷ್ಯಪ್ರಯತ್ನ. ಒಣಗಿಸಲು ಬಚ್ಚಲೊಲೆಯ ಮೇಲೆ ಗಳ ಕಟ್ಟಬೇಕು. ನಾಲ್ಕನೇ ದಿನಕ್ಕೆ ಬಟ್ಟೆ ಒಣಗಿರುತ್ತದೋ ಇಲ್ಲವೋ, ಉಪ್ಪಾಗೆ ಸಿಪ್ಪೆಯಂತೆ ಹದವಾಗಿ ಹೊಗೆ ಕುಡಿದಿರುತ್ತದೆ. ನಮ್ಮ ಮೂಗಿಗೆ ಅದು ಗೊತ್ತಾಗುವುದಿಲ್ಲ, ಊರಿಗೆ ಊರೇ ಒಂದೇ ವಾಸನೆ.

ನಿವೃತ್ತನಾದ ಮೇಲೆ ಇಲ್ಲಿಗೆ ಬಂದದ್ದು, ಜಗಲಿಯಲ್ಲಿ ಕೂತು ಬೆಟ್ಟ ನೋಡುತ್ತ ಕಾಫಿ ಕುಡಿಯುವ ಆಸೆಯಿಂದ. ಕಾಫಿಗೆ ತೊಂದರೆಯಿಲ್ಲ. ಬೆಟ್ಟ ಮಾತ್ರ ಮೋಡ ಹೊದ್ದು ಮಲಗಿಬಿಡುತ್ತದೆ. ಕುದುರೆಮುಖ 1,894 ಮೀಟರ್ ಎತ್ತರ; ಅಷ್ಟು ದೊಡ್ಡ ವಸ್ತು ವಾರಗಟ್ಟಲೆ ಕಾಣೆಯಾದರೂ ಯಾರೂ ದೂರು ಕೊಡುವುದಿಲ್ಲ. ಇಲ್ಲಿನವರ ಸಮಾಧಾನವೇ ಅಂಥದ್ದು. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದಾಗ ಹೊರನಾಡಿಗೆ ಹೊರಟವರು, "ನೀರು ಇಳೀಲಿ ಮಾರಾಯ್ರೆ, ಹೋದ್ರಾಯ್ತು" ಎಂದು ಹೋಟೆಲಿಗೆ ನುಗ್ಗಿ ಇನ್ನೊಂದು ಪ್ಲೇಟ್ ಬನ್ಸ್ ಹೇಳುತ್ತಿದ್ದರಂತೆ.

ತಾಲ್ಲೂಕು ಕೇಂದ್ರವಾದ ಮೇಲೆ ಊರು ಮೈಕೈ ತುಂಬಿಕೊಂಡಿದೆ. ಎಲ್ಲಿ ನೋಡಿದರೂ ಹೋಮ್‌ಸ್ಟೇ ಬೋರ್ಡು. ಶನಿವಾರ ಪೇಟೆಯಲ್ಲಿ ರಸ್ತೆ ದಾಟುವುದೇ ಒಂದು ವ್ರತ. "ಹೊರಗಿನವರು ಬಂದು ಊರು ಕೆಟ್ಟಿತು" ಎಂದು ದಿನಸಿ ಅಂಗಡಿಯಲ್ಲಿ ಗೊಣಗಿದೆ. ಅಂಗಡಿಯವರು ಬೆಲ್ಲ ತೂಗುತ್ತ, "ಸಾರ್, ನೀವು ಬಂದು ಎಷ್ಟು ವರ್ಷ ಆಯ್ತು?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ಬೆಲ್ಲ ತಗೊಂಡು ಬಂದೆ.

ತುಂಬಿದ ಊರಿನ ಬಗ್ಗೆ ಬೇಸರ ಬಂದಾಗ ಕುದುರೆಮುಖದ ಗಣಿ ಕಾಲೊನಿಯತ್ತ ಹೋಗಿಬರುತ್ತೇನೆ. 1976ರಲ್ಲಿ ಹುಟ್ಟಿದ ಕಂಪನಿ ಅಲ್ಲಿ ಗುಡ್ಡ ಅಗೆದು, ಅದಿರನ್ನು ಅರೆದು, ನೀರುದೋಸೆ ಹಿಟ್ಟಿನಂತೆ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಜನ ಗಂಟುಮೂಟೆ ಕಟ್ಟಿದರು. ಖಾಲಿ ಮನೆಗಳ ಅಂಗಳದಲ್ಲಿ ಈಗ ಕಾಡು ಬಾಡಿಗೆ ಕೊಡದೆ ಕೂತಿದೆ. ಅಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಮ್ಮ ಪೇಟೆಯ ಹಾರನ್ನೂ ಸಂಗೀತವೆನಿಸುತ್ತದೆ.

ಆ ಮದುವೆಯಲ್ಲಿ ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಪುಣ್ಯ ಮಾಡಿದೀರಿ, ನಮಗೂ ಅಲ್ಲೊಂದು ಸೈಟು ನೋಡಿ" ಎಂದಿದ್ದರು. ಹದಿನೈದು ದಿನ ಬಿಟ್ಟು ಬಂದೇಬಿಟ್ಟರು. ಮಳೆಯಲ್ಲಿ ಸೈಟು ನೋಡಿ, ಕಾಲಿಗೆ ಹತ್ತಿದ ಇಂಬಳ ಕಿತ್ತು, ಕಡುಬು ತಿಂದರು. ತೊಯ್ದ ಪ್ಯಾಂಟು, ಶರ್ಟು, ಸ್ವೆಟರನ್ನು ನನ್ನವಳು ಅಕ್ಕರೆಯಿಂದ ಬಚ್ಚಲೊಲೆಯ ಗಳಕ್ಕೆ ಹಾಕಿದಳು. ಮೂರನೇ ದಿನ ಅದನ್ನೇ ತೊಟ್ಟು ರಾತ್ರಿ ಬಸ್ಸು ಹತ್ತಿದರು.

ಬೆಳಿಗ್ಗೆ ಫೋನು ಬಂತು. ಬಸ್ಸು ಬಹಳ ತಡವಂತೆ. ದಾರಿಯಲ್ಲಿ ಯಾರೋ "ಏನೋ ಸುಡ್ತಿದೆ" ಎಂದು ಕೂಗಿ, ಡ್ರೈವರ್ ನಿಲ್ಲಿಸಿ, ಟಾರ್ಚು ಹಿಡಿದು ಇಂಜಿನ್ನೆಲ್ಲ ತಡಕಾಡಿದನಂತೆ.

"ನಾನೂ ಇಳಿದು ಹುಡುಕಿದೆ, ಏನೂ ಸಿಗಲಿಲ್ಲ" ಎಂದರು ಭಾವ.