ಹಾರ್ಡ್‌ಡಿಸ್ಕ್ ಅಭಾವ ವಿಚಾರ

ಯಾವ ಶಾಸ್ತ್ರಗ್ರಂಥಕ್ಕೂ ನಾಲ್ಕು ಅನುಬಂಧಗಳು ಇರಲೇಬೇಕು. ಪ್ರಕೃತ ಗ್ರಂಥದ ವಿಷಯ: ಮುದಿ ಮದರ್‌ಬೋರ್ಡಿಗೆ ಹಾರ್ಡ್‌ಡಿಸ್ಕ್ ಕಾಣದಿರುವುದು. ಪ್ರಯೋಜನ: ಅದರೊಳಗಿನ ಮದುವೆ ಫೋಟೋಗಳು. ಸಂಬಂಧ: ಒಂದು ಕೇಬಲ್. ಅಧಿಕಾರಿ: ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದು, ಜೇಬಿನಲ್ಲಿ ಹೊಸ ಕಂಪ್ಯೂಟರಿಗೆ ದುಡ್ಡಿಲ್ಲದವನು.

ಪೂರ್ವಪಕ್ಷ ಹೀಗಿದೆ. ಫಾರ್ಮ್ಯಾಟ್ ಪಂಥದವರು, ‘ಎಲ್ಲಕ್ಕೂ ಫಾರ್ಮ್ಯಾಟ್ ಒಂದೇ ಮದ್ದು’ ಎನ್ನುತ್ತಾರೆ. ಕಾಣದ ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದೆಂತು ಎಂದು ಕೇಳಿದರೆ ಮೌನ. ಅಂಗಡಿ ಪಂಥದವರು ಕ್ಯಾಬಿನೆಟ್ ಬಿಚ್ಚುವ ಮೊದಲೇ, ‘ಬೋರ್ಡ್ ಹೋಗಿದೆ ಸಾರ್’ ಎಂದು ಸಿದ್ಧಾಂತಕ್ಕೆ ಬಂದಿರುತ್ತಾರೆ. ಡಿಸ್ಕನ್ನು ಫ್ರೀಜರಿನಲ್ಲಿಡುವ ಪಂಥವೂ ಉಂಟು. ಹೊರತೆಗೆದಾಗ ತೇವ ಕಟ್ಟುತ್ತದೆಂಬ ದೋಷದಿಂದ ಅದು ಅಗ್ರಾಹ್ಯ.

ನಮ್ಮ ಸಿದ್ಧಾಂತ: ಕಾಣದ್ದೆಲ್ಲ ಇಲ್ಲದ್ದಲ್ಲ. ಕೇಬಲ್ಲಿಗೂ ಪೋರ್ಟಿಗೂ ಇರುವುದು ಸಂಯೋಗವೇ ಹೊರತು ಸಮವಾಯವಲ್ಲ, ಆದ್ದರಿಂದ ಕಳಚುತ್ತದೆ. ಹಳೆಯ ಸಾಟಾ ಕೇಬಲ್ಲುಗಳಿಗೆ ಹಿಡಿದುಕೊಳ್ಳುವ ಕ್ಲಿಪ್ಪೂ ಇರಲಿಲ್ಲ. ಮೊದಲು ಅದನ್ನು ಕಿತ್ತು ಮತ್ತೆ ಸಿಕ್ಕಿಸತಕ್ಕದ್ದು. ಆಗಲೂ ಕಾಣದಿದ್ದರೆ ನೈಯಾಯಿಕರು ಹೇಳಿದ ನಾಲ್ಕು ಬಗೆಯ ಅಭಾವವನ್ನು ವಿಚಾರಿಸಬೇಕು.

ಪ್ರಾಗಭಾವ: ಮಡಕೆ ಆಗುವ ಮುನ್ನ ಮಡಕೆಯಿಲ್ಲ, ಪ್ಲ್ಯಾಟರ್ ನಿಮಿಷಕ್ಕೆ 7200 ಸುತ್ತು ಮುಟ್ಟುವ ಮುನ್ನ ಡಿಸ್ಕಿಲ್ಲ. ಮುದಿ ಡಿಸ್ಕ್ ಏಳುವುದು ನಿಧಾನ. ಬಯಾಸ್‌ಗೆ ಅಷ್ಟು ವ್ಯವಧಾನವಿಲ್ಲ. ಹಾಜರಿ ಕೂಗಿ ಮುಂದೆ ಹೋಗಿಬಿಡುತ್ತದೆ. ಲಕ್ಷಣ: ಮೊದಲ ಸಲ ಕಾಣದ್ದು, ರೀಸ್ಟಾರ್ಟ್ ಮಾಡಿದರೆ ಕಾಣುತ್ತದೆ. ಪರಿಹಾರ: ಸೆಟಪ್‌ನಲ್ಲಿ ‘ಕ್ವಿಕ್ ಬೂಟ್’ ಆಫ್ ಮಾಡುವುದು. ಜೊತೆಗೆ ಗಡಿಯಾರವೂ ಹಳೆಯ ಇಸವಿ ತೋರಿಸುತ್ತಿದ್ದರೆ 3 ವೋಲ್ಟಿನ ಬಿಲ್ಲೆ ಬ್ಯಾಟರಿ ತೀರಿದೆಯೆಂದು ಅನುಮಾನ ಪ್ರಮಾಣದಿಂದ ತಿಳಿಯತಕ್ಕದ್ದು. ಅದು ಸತ್ತರೆ ಬೋರ್ಡ್ ತನ್ನ ಸೆಟ್ಟಿಂಗುಗಳನ್ನೆಲ್ಲ ಮರೆಯುತ್ತದೆ.

ಅನ್ಯೋನ್ಯಾಭಾವ: ಘಟ ಪಟವಲ್ಲ, ಮಾಸ್ಟರ್ ಸ್ಲೇವ್ ಅಲ್ಲ. ಒಂದೇ ಐಡಿಇ ಕೇಬಲ್ಲಿನ ಎರಡು ಡಿಸ್ಕುಗಳ ಜಂಪರೂ ಮಾಸ್ಟರಿನಲ್ಲೇ ಇದ್ದರೆ ಒಂದು ಮಾಯ, ಕೆಲವೊಮ್ಮೆ ಎರಡೂ. ಜಂಪರೆಂದರೆ ಅಕ್ಕಿಕಾಳಿಗಿಂತ ತುಸು ದಪ್ಪನೆಯ ಪ್ಲಾಸ್ಟಿಕ್ ಟೊಪ್ಪಿ. ಕೈಜಾರಿದರೆ ನೇರ ಮದರ್‌ಬೋರ್ಡಿನ ಅಡಿಗೇ ಹೋಗುವುದು ಅದರ ಸ್ವಧರ್ಮ. ವಿಐಎ ಕಂಪನಿಯ ವಿಟಿ8237 ಚಿಪ್ ಇರುವ ಬೋರ್ಡುಗಳದ್ದೂ ಇದೇ ಬಗೆ: ಸೆಕೆಂಡಿಗೆ 3 ಗಿಗಾಬಿಟ್ ವೇಗದ ಡಿಸ್ಕಿಗೂ ಅದಕ್ಕೂ ಮಾತೇ ಹೊಂದದು. ಡಿಸ್ಕಿನ ಹಿಂದೆ ಜಂಪರ್ ಹಾಕಿ 1.5ಕ್ಕೆ ಇಳಿಸಿದರೆ ಸಂಧಾನ.

ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದ್ದು. 28 ಬಿಟ್ ವಿಳಾಸದ ಬಯಾಸ್ 26,84,35,456 ಸೆಕ್ಟರುಗಳನ್ನಷ್ಟೇ ಎಣಿಸಬಲ್ಲದು. ಸೆಕ್ಟರಿಗೆ 512 ಬೈಟಿನಂತೆ ಅದು ಸುಮಾರು 137 ಜಿಬಿ. ನೀವು 500 ಜಿಬಿಯ ಡಿಸ್ಕ್ ಕೊಟ್ಟರೂ ಮಿಕ್ಕ 363 ಜಿಬಿ ಅದಕ್ಕೆ ಮೊಲದ ಕೊಂಬು. ಬಯಾಸ್ ಅಪ್‌ಡೇಟ್ ಸಿಕ್ಕರೆ ಪುಣ್ಯ. ಇಲ್ಲವಾದರೆ ಪಿಸಿಐ ಕಾರ್ಡೇ ಗತಿ.

ಪ್ರಧ್ವಂಸಾಭಾವ: ಒಡೆದ ಮಡಕೆ. ಒಳಗಿಂದ ಬರುವ ಲಯಬದ್ಧ ಟಿಕ್ ಟಿಕ್ ಇಲ್ಲಿ ಶಬ್ದಪ್ರಮಾಣ. ಹೆಡ್ ತನ್ನ ಜಾಗ ಹುಡುಕಿ, ಸಿಗದೆ ಮರಳುತ್ತಿದೆ. ಆಗ ಕರೆಂಟು ತೆಗೆದುಬಿಡಬೇಕು. ಪ್ರತಿ ಪುನಃಪ್ರಯತ್ನವೂ ಫೋಟೋಗಳನ್ನು ಹೆರೆಯುತ್ತದೆ. ಸದ್ದಿಲ್ಲದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್, ಮೂರರಲ್ಲೂ ನೋಡದೆ ಈ ತೀರ್ಪು ಕೊಡತಕ್ಕದ್ದಲ್ಲ.

ಇನ್ನು ಫಲಶ್ರುತಿ. ಪ್ರಾಗಭಾವ ಅನಾದಿ, ಆದರೆ ಅದಕ್ಕೆ ಕೊನೆಯುಂಟು. ಪ್ರಧ್ವಂಸಾಭಾವಕ್ಕೆ ಆದಿಯುಂಟು, ಕೊನೆಯಿಲ್ಲ. ನಿಮ್ಮ ಮನೆಯಲ್ಲಿ ಬ್ಯಾಕಪ್ಪಿನದು ಮೊದಲನೆಯ ಬಗೆ, ಡಿಸ್ಕಿನದು ಎರಡನೆಯದಾಗಲಿದೆ. ಇದಕ್ಕೆ ಆದಿ ಬರುವ ಮುನ್ನ ಅದಕ್ಕೆ ಕೊನೆ ಹಾಡಿದವನೇ ಪಂಡಿತ. ಉಳಿದವರು ಡೇಟಾ ರಿಕವರಿ ಅಂಗಡಿಯ ಬಿಲ್ ನೋಡಿ ನೇರ ವೈರಾಗ್ಯ ಹೊಂದುತ್ತಾರೆ.