ಜೋಗದಲ್ಲಿ ನೀರಿದೆಯಾ, ಭಾವ?

ಆಗಸ್ಟ್ 15 ಯಾವ ವಾರ ಬಿದ್ದಿದೆ ಎಂದು ಬೆಂಗಳೂರಿನವರು ಜನವರಿಯಲ್ಲೇ ನೋಡಿಟ್ಟುಕೊಳ್ಳುತ್ತಾರೆ. ಸಾಗರ ಸೀಮೆಯಲ್ಲಿ ಮನೆ ಮಾಡಿಕೊಂಡಿರುವ ನಾವೂ ನೋಡುತ್ತೇವೆ. 2025ರಲ್ಲಿ ಅದು ಶುಕ್ರವಾರ ಬಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನವೇ ನಮ್ಮದು ಹೋಯಿತು. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ವಾಪಸು ಸಿಕ್ಕಿತು.

ಮೊದಲು ಬರುವುದು ಫೋನು. ಯುಗಾದಿಗೂ ಬಾರದ ಫೋನು. ಅಪ್ಪಯ್ಯನ ಮಂಡಿನೋವು, ಅಡಿಕೆ ಧಾರಣೆ, ಗಬ್ಬದ ದನ ಎಲ್ಲವನ್ನೂ ಕ್ರಮವಾಗಿ ವಿಚಾರಿಸಿಕೊಂಡು, ಇಡುವ ಮುಂಚೆ ಈಗಷ್ಟೇ ಹೊಳೆಯಿತೆಂಬಂತೆ ಒಂದು ಪ್ರಶ್ನೆ: ‘ಜೋಗದಲ್ಲಿ ನೀರಿದೆಯಾ, ಭಾವ?’ ಇದೆ ಎಂದರೆ ಬರುತ್ತಾರೆ. ಇಲ್ಲ ಎಂದರೂ ಬರುತ್ತಾರೆ, ‘ನಿಮ್ಮನ್ನೆಲ್ಲ ನೋಡಿ ಎಷ್ಟು ದಿನವಾಯ್ತು’ ಎಂದು.

ಆಗಸ್ಟ್ ನಡುವಿನಲ್ಲಿ ಅಡಿಕೆ ತೋಟದವನ ತಲೆಯಲ್ಲಿ ಇರುವುದು ಒಂದೇ, ಕೊಳೆ ರೋಗ. ಎರಡನೇ ಸುತ್ತಿನ ಬೋರ್ಡೋ ಹೊಡೆಯುವ ಹೊತ್ತು ಅದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅಷ್ಟು ಸುಲಭ. ಮಳೆ ಹೊಳವಾಗುವುದು ಮತ್ತು ಕೊನೆಗಾರ ಸಿಗುವುದು ಒಂದೇ ದಿನ ನಡೆಯಬೇಕು ಎನ್ನುವುದಷ್ಟೇ ಕಷ್ಟ. ಇದು ಮದುವೆಗೆ ಜಾತಕ ಕೂಡಿಬಂದಷ್ಟೇ ಅಪರೂಪ. ಕೂಡಿಬಂದ ಆ ದಿನ ನಾವು ಜೋಗದ ಪಾರ್ಕಿಂಗಿನಲ್ಲಿ ಕಾರು ಹಿಂದಕ್ಕೆ ತೆಗೆಯುವವರಿಗೆ ‘ಬರಲಿ, ಬರಲಿ’ ಎನ್ನುತ್ತಿರುತ್ತೇವೆ.

ಜೋಗ ನೋಡುವುದು ಎಂದರೆ ಮಂಜು ನೋಡುವುದು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಬಿಳಿ ಪರದೆಯ ಹಿಂದೆ ಭೋರ್ಗರೆಯುತ್ತಿರುತ್ತಾರೆ. ಈಚೆ ನೆಂಟರು ಆ ಬಿಳಿಯ ಮುಂದೆಯೇ ನಿಂತು ಸೆಲ್ಫಿ ತೆಗೆಯುತ್ತಾರೆ. ‘ಮುಂಗಾರು ಮಳೆ’ಯ ಶೂಟಿಂಗ್ ಯಾವ ಜಾಗದಲ್ಲಾಯಿತು ಎಂದು ತೋರಿಸುವುದು ಆತಿಥೇಯನ ಕರ್ತವ್ಯ. ಗೊತ್ತಿಲ್ಲದಿದ್ದರೆ ಯಾವುದಾದರೊಂದು ಬಂಡೆ ತೋರಿಸಿದರಾಯಿತು, ಎಲ್ಲರಿಗೂ ಸಮಾಧಾನ. ಕೊನೆಗೂ ಮಂಜು ಸರಿದು 253 ಮೀಟರಿನ ಪ್ರಪಾತ ಕಂಡಾಗ ಬರುವ ಉದ್ಗಾರ ಮಾತ್ರ ಒಂದೇ: ‘ಇಷ್ಟೇನಾ? ರೀಲ್ಸ್‌ನಲ್ಲಿ ಜಾಸ್ತಿ ಇತ್ತು.’

ಇಷ್ಟೇ. 1964ರಲ್ಲಿ ಮೇಲೆ ಲಿಂಗನಮಕ್ಕಿ ಕಟ್ಟೆ ಎದ್ದ ಮೇಲೆ ಜೋಗದ ಪಾಲಿಗೆ ಉಳಿದದ್ದು ಇಷ್ಟೇ. ಬಾಕಿ ನೀರು ಕೊಳವೆಯೊಳಗೆ ಇಳಿದು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಚಕ್ರ ತಿರುಗಿಸಿ, ತಂತಿ ಹತ್ತಿ ಹೋಗುತ್ತದೆ. ಶುಕ್ರವಾರ ನಸುಕಿನಲ್ಲಿ ಹೊರಡುವ ಮುಂಚೆ ನೆಂಟರು ಗೀಸರ್ ಹಾಕಿ ಸ್ನಾನ ಮಾಡಿದ್ದರಲ್ಲ, ಜೋಗವನ್ನು ಅವರು ಆಗಲೇ ನೋಡಿಯಾಗಿತ್ತು. ರೇಲಿಂಗಿಗೆ ಒರಗಿ ಇದನ್ನೆಲ್ಲ ವಿವರಿಸಲು ಹೋಗಬಾರದು. ಜೋಳ ಸುಡುವವನ ಹತ್ತಿರ ಚೌಕಾಶಿ ನಡೆದಿರುತ್ತದೆ.

ಮನೆಗೆ ಮರಳಿದರೆ ಕರೆಂಟಿಲ್ಲ. ಎಲ್ಲೋ ಮರ ಬಿದ್ದಿದೆ, ಲೈನ್‌ಮನ್ ನಾಳೆ ಬರುತ್ತಾನೆ. ‘ಪಕ್ಕದಲ್ಲೇ ಡ್ಯಾಮ್ ಇಟ್ಟುಕೊಂಡು ಕರೆಂಟಿಲ್ವಾ ನಿಮಗೆ?’ ಎಂದು ನೆಂಟರಿಗೆ ಆಶ್ಚರ್ಯ. ನಿಜವಾಗಿ ಮರುಗುತ್ತಾರೆ, ಸುಳ್ಳು ಹೇಳಬಾರದು. ಆಮೇಲೆ ಮಕ್ಕಳ ಫೋನನ್ನು ಕಾರಿನಲ್ಲಿ ಚಾರ್ಜಿಗಿಡುತ್ತಾರೆ.

ಎರಡನೇ ದಿನ ಸಿಗಂದೂರು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ತೆರೆಯಿತು. ಹಿನ್ನೀರಿನಿಂದಾಗಿ ಸಾಗರದಿಂದ ಕಡಿದುಹೋಗಿದ್ದ ತುಮರಿ ಸೀಮೆಯವರು ದಶಕಗಳ ಕಾಲ ಲಾಂಚಿಗಾಗಿ ಕಾದವರು. ರಾತ್ರಿ ಹೆರಿಗೆ ನೋವು ಬಂದರೆ ಬೆಳಗಿನ ಲಾಂಚಿನ ತನಕ ತಡೆದುಕೊಳ್ಳಬೇಕಿತ್ತು. ಆ ಸೇತುವೆಯ ನಡುವೆ ಕಾರು ನಿಲ್ಲಿಸಿ ಇಳಿದ ನೆಂಟರು ಹಿನ್ನೀರಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾರೆ: ‘ಲಾಂಚ್ ಇದ್ದಾಗಲೇ ಚೆನ್ನಾಗಿತ್ತು. ಆ ಫೀಲೇ ಬೇರೆ.’ ಮಾತು ಮುಗಿಯುವುದರೊಳಗೆ ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತವೆ. ಅವೂ ಕೆಎ 01, 03, 05.

ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ಎರಡೂ ದಾರಿಯ ಮೇಲೆ ಸಿಗುತ್ತವೆ ಎಂಬ ಒಂದೇ ಕಾರಣಕ್ಕೆ ಪಟ್ಟಿ ಸೇರುತ್ತವೆ. ಅಘೋರೇಶ್ವರನ ಎದುರು ನೆಲದ ಕಲ್ಲಿನಲ್ಲಿ ಕೆಳದಿ ಅರಸರೇ ಅಡ್ಡಬಿದ್ದಿದ್ದಾರೆ, ತುಳಿದುಕೊಂಡು ಹೋಗಬಹುದು. ಹೋಗುತ್ತಾರೆ.

ಮಳೆಗಾಲದ ಮಲೆನಾಡಿನಲ್ಲಿ ಅತಿಥಿಗಳ ಬಣ್ಣ ಗೊತ್ತಿರುವ ಪ್ರಾಣಿ ಒಂದೇ, ಉಂಬಳ. ಉಳಿದ ನಾವೆಲ್ಲ ನಗುತ್ತ ‘ಇನ್ನೊಂದು ದಿನ ನಿಲ್ಲಬಹುದಿತ್ತು’ ಎನ್ನುತ್ತೇವೆ. ಅದು ಮಾತಿಲ್ಲದೆ ಕಾಲ್ಬೆರಳ ಸಂದಿಗೆ ಬಂದು ಕೂರುತ್ತದೆ. ಪ್ರಕೃತಿಯ ಮಡಿಲಲ್ಲಿ ಇದ್ದುಬಿಡಬೇಕು ಎಂದು ಬೆಳಿಗ್ಗೆ ಹೇಳಿದ ಬಾಯಿಯೇ ಸಂಜೆ ಡೆಟಾಲ್ ಕೇಳುತ್ತದೆ.

ಊಟದ ವಿಚಾರದಲ್ಲಿ ಮಾತ್ರ ನೆಂಟರು ಬಹಳ ಸರಳ. ‘ಏನೂ ಸ್ಪೆಷಲ್ ಬೇಡ ಅತ್ತಿಗೆ. ಪತ್ರೊಡೆ, ಕಳಲೆ ಪಲ್ಯ, ಒಂದೆಲಗದ ತಂಬುಳಿ, ಹೀಗೇ ಸಿಂಪಲ್ಲಾಗಿ.’ ಕಳಲೆಯನ್ನು ಹೆಚ್ಚಿ, ಬುಧವಾರದಿಂದ ದಿನಾ ನೀರು ಬದಲಿಸಿ ಕಹಿ ತೆಗೆದ ಅತ್ತಿಗೆ ಆ ಮೂರು ದಿನ ಜೋಗವನ್ನೂ ನೋಡಲಿಲ್ಲ, ಸೇತುವೆಯನ್ನೂ ನೋಡಲಿಲ್ಲ. ಕಾರಿನಲ್ಲಿ ಜಾಗವಿರಲಿಲ್ಲ. ‘ನಿಮಗೇನು ಅತ್ತಿಗೆ, ದಿನಾ ನೋಡುತ್ತೀರಿ’ ಎಂಬ ಸಮಾಧಾನ ಸಿಕ್ಕಿತು. ಕರೆಂಟಿಲ್ಲದ ಮಿಕ್ಸಿಯ ಪಕ್ಕ ಒರಳಿನಲ್ಲಿ ಪತ್ರೊಡೆಯ ಹಿಟ್ಟು ರುಬ್ಬುವ ವಿಡಿಯೊಗೆ ಬಂದ ಲೈಕುಗಳಲ್ಲಿ ಅವಳ ಪಾಲೆಷ್ಟೋ, ಕೇಳಿದವರಿಲ್ಲ.

ಕೊನೆಯ ದಿನದ ಕಾಫಿಯ ಜೊತೆಗೆ ಸಲಹೆ ಬರುತ್ತದೆ. ಹೋಂಸ್ಟೇ ಮಾಡಿ. ಇಷ್ಟು ದೊಡ್ಡ ಮನೆ, ಇಂಥಾ ತೋಟ, ಒಂದು ತಲೆಗೆ ಎರಡು ಸಾವಿರ ಕಣ್ಣುಮುಚ್ಚಿ ಕೊಡುತ್ತಾರೆ ಜನ. ಯಾವ ಜನ ಎಂದು ಕೇಳುವುದು ಮರ್ಯಾದೆಯಲ್ಲ. ಅಷ್ಟರಲ್ಲಿ ಡಿಕ್ಕಿ ತುಂಬುತ್ತಿರುತ್ತದೆ: ಅಪ್ಪೆಮಿಡಿ ಭರಣಿ, ಹಲಸಿನ ಹಪ್ಪಳ, ಜೋನಿ ಬೆಲ್ಲ, ಕಾಳುಮೆಣಸು, ಎರಡು ಬಾಳೆಗೊನೆ.

ಎಂಜಿನ್ ಶುರುವಾದ ಮೇಲೆ ಕಿಟಕಿಯ ಗಾಜು ಇಳಿಯಿತು. ‘ಒಂದು ಕೇಳೋದು ಮರೆತೆ ಭಾವ. ಶರಾವತಿ ನೀರನ್ನೇ ಬೆಂಗಳೂರಿಗೆ ತರ್ತಾರಂತಲ್ಲ? ನಮ್ಮ ಲೇಔಟಿನವರೆಲ್ಲ ಕಾಯ್ತಿದ್ದಾರೆ. ಇಲ್ಲಿಯವರು ಯಾಕೆ ಸುಮ್ಮನೆ ಅಡ್ಡಿ ಮಾಡ್ತೀರಿ?’

2019ರಲ್ಲಿ ಜಿಲ್ಲೆಯೇ ಬಂದ್ ಆಗಿದ್ದನ್ನು, ತುಂಬಿದಾಗಲೂ 1,819 ಅಡಿಯಲ್ಲಿರುವ ನೀರನ್ನು ಮೂರು ಸಾವಿರ ಅಡಿಯ ಊರಿಗೆ ಎತ್ತಬೇಕಾದುದನ್ನು, ಎತ್ತಲು ಮತ್ತೆ ಅದೇ ಕರೆಂಟು ಬೇಕಾದುದನ್ನು ಹೇಳಬಹುದಿತ್ತು. ಮಳೆ ಹೊಳವಾಗಿತ್ತು, ಕೊನೆಗಾರ ಪಕ್ಕದ ತೋಟದ ಮರದ ಮೇಲಿದ್ದ. ಡಿಕ್ಕಿ ಭದ್ರವಾಗಿ ಹಾಕಿದೆಯಾ ನೋಡಿ ಎಂದಷ್ಟೇ ಹೇಳಿದೆ.